ಅಜ್ಜನ ಮಂಚ, ಮೊಮ್ಮಗನ ಹೊಣೆ

ಮನೆಯಲ್ಲಿ ಪಾಲಾಗುವ ದಿನ ಹೊಲ, ಗದ್ದೆ, ಬೆಳ್ಳಿ, ಬಂಗಾರಗಳ ಮಾತು ಮೊದಲು ಬರುತ್ತದೆ. ಪಾತ್ರೆ ಪಡಗಗಳ ಮಾತು ಅನಂತರ. ಎಲ್ಲವೂ ಇತ್ಯರ್ಥವಾಗಿ, ಪಂಚರಾಗಿ ಬಂದ ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಏಳುವ ಹೊತ್ತಿಗೆ, ಪಡಸಾಲೆಯ ಮೂಲೆಯಲ್ಲಿ ಒಂದು ಮಂಚ, ಒಂದು ಗಲ್ಲಾಪೆಟ್ಟಿಗೆ, ಕಾಲು ಅಲುಗುವ ಒಂದು ಕುರ್ಚಿ ಯಾರಿಗೂ ಬೇಡವಾಗಿ ಉಳಿದಿರುತ್ತವೆ. “ನಮ್ಮ ಮನೆ ಸಣ್ಣದು, ಎಲ್ಲಿ ಇಡೋಣ?” ಎಂದು ಒಬ್ಬರು. “ಬೆಂಗಳೂರಿಗೆ ಸಾಗಿಸುವ ಲಾರಿ ಬಾಡಿಗೆಗೆ ಹೊಸದೇ ಬಂದೀತು” ಎಂದು ಇನ್ನೊಬ್ಬರು. ಮರುವಾರ ಗುಜರಿಯವನು ಬರುತ್ತಾನೆ. ಮೂರು ತಲೆಮಾರು ಹುಟ್ಟಿ ಮಲಗಿದ ಮಂಚ ಅರ್ಧ ತಾಸಿನಲ್ಲಿ ತಳ್ಳುಗಾಡಿಯನ್ನೇರಿ ಹೊರಟುಹೋಗುತ್ತದೆ.

ಈ ದೃಶ್ಯವನ್ನು ಕಾಣದ ಕುಟುಂಬ ನಮ್ಮ ಭಾಗದಲ್ಲಿ ವಿರಳ. ಬಳ್ಳಾರಿ ನಗರದ ಹಳೆಯ ವ್ಯಾಪಾರಸ್ಥರ ಮನೆಗಳಲ್ಲಾಗಲಿ, ಸಿರುಗುಪ್ಪದ ಭತ್ತದ ಬೆಳೆಗಾರರ ಮನೆಗಳಲ್ಲಾಗಲಿ, ಕುರುಗೋಡಿನ ಕಲ್ಲುಗೋಡೆಯ ಮಾಳಿಗೆ ಮನೆಗಳಲ್ಲಾಗಲಿ ಹಿರಿಯರು ಮಾಡಿಸಿಟ್ಟ ಮರದ ಸಾಮಾನುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಇಷ್ಟಲಿಂಗ ಪೂಜೆಗೆ ಕೂಡುವ ಮಣೆ, ಪ್ರಸಾದದ ತಟ್ಟೆಯನ್ನಿಡುವ ಅಡ್ಡಣಿಗೆ, ಮಗುವಿನ ತೊಟ್ಟಿಲು, ನವಾರ ಹೆಣೆದ ಮಂಚ, ಬೆತ್ತದ ಹೆಣಿಗೆಯ ಕುರ್ಚಿ, ಅಂಗಡಿಯ ಗಲ್ಲಾಪೆಟ್ಟಿಗೆ, ಗೋಡೆಯಲ್ಲೇ ಕೂಡಿಸಿದ ಕಪಾಟು, ಬಾಗಿಲಿನ ಚೌಕಟ್ಟು ಇವೆಲ್ಲ ಒಂದು ಕಾಲದ ಬಾಳುವೆಯ ಸಾಕ್ಷಿಗಳು. ಇವುಗಳನ್ನು ಹೇಗೆ ಉಳಿಸಿಕೊಳ್ಳಬೇಕು, ಕೆಟ್ಟಾಗ ಹೇಗೆ ಸರಿಪಡಿಸಬೇಕು, ಉಳಿಸಿಕೊಳ್ಳಬೇಕಾದರೂ ಏಕೆ ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮರದಲ್ಲಿ ಅಡಗಿರುವ ಕಾಯಕ

ಶರಣಧರ್ಮವು ವಸ್ತುಗಳ ಮೇಲಿನ ವ್ಯಾಮೋಹವನ್ನು ಒಪ್ಪುವುದಿಲ್ಲ. ಹಾಗಿದ್ದ ಮೇಲೆ ಹಳೆಯ ಮಂಚವೊಂದಕ್ಕಾಗಿ ಇಷ್ಟೇಕೆ ಮರುಗಬೇಕು ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಶರಣರ ಕಾಯಕ ತತ್ತ್ವದಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಬಾಚಿಯನ್ನು ಹಿಡಿದು ಮರಗೆಲಸ ಮಾಡಿದ ಬಾಚಿಕಾಯಕದ ಬಸವಣ್ಣನವರಿದ್ದರು. ಅವರ ಧರ್ಮಪತ್ನಿ ಕಾಳವ್ವೆಯೂ ವಚನಕಾರ್ತಿ. ಮರ ಕೆತ್ತುವ ಕೈಗೂ ಅನುಭವ ಮಂಟಪದ ಹಿರಿಮೆಗೂ ಅಲ್ಲಿ ಅಂತರವಿರಲಿಲ್ಲ. ಕೆಲಸವೇ ಪೂಜೆಯೆಂದು ತಿಳಿದವನು ಮಾಡಿದ ವಸ್ತುವನ್ನು ನಿರ್ಲಕ್ಷ್ಯದಿಂದ ಹಾಳುಗೆಡಹಿದರೆ ಹಾಳಾಗುವುದು ಕೇವಲ ಮರವಲ್ಲ, ಒಬ್ಬ ಕಾಯಕಜೀವಿಯ ದುಡಿಮೆಯೂ ಹಾಳಾಗುತ್ತದೆ. ಆದುದರಿಂದ ನಾವು ಕಾಪಾಡಬೇಕಾದುದು ಒಡೆತನದ ಹೆಮ್ಮೆಯನ್ನಲ್ಲ, ಇನ್ನೊಬ್ಬರ ಬೆವರಿನ ಮರ್ಯಾದೆಯನ್ನು.

ನಮ್ಮ ಹಳ್ಳಿಗಳಲ್ಲಿ ಬಡಿಗೇರರಿಗೂ ರೈತರಿಗೂ ಇದ್ದ ಸಂಬಂಧ ಬರಿಯ ಕೂಲಿಯ ಸಂಬಂಧವಾಗಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಬಡಿಗೇರರ ಮನೆಗೆ ಆಯದ ಕಾಳು ಹೋಗುತ್ತಿತ್ತು. ಪ್ರತಿಯಾಗಿ ಅವರು ವರ್ಷವಿಡೀ ಕೂರಿಗೆ, ಕುಂಟೆ, ರಂಟೆ, ಬಂಡಿಯ ಗಾಲಿಗಳನ್ನು ದುರಸ್ತಿ ಮಾಡಿಕೊಡುತ್ತಿದ್ದರು. ಮಂಚದ ಕಾಲು ಅಲುಗಿದರೆ, ತೊಟ್ಟಿಲಿನ ಕೊಂಡಿ ಸಡಿಲಾದರೆ ಆ ಕೆಲಸವೂ ಅದರೊಳಗೇ ಆಗಿಹೋಗುತ್ತಿತ್ತು. ಮಾಡಿದವನೇ ಸರಿಪಡಿಸುತ್ತಿದ್ದುದರಿಂದ ಒಂದು ಮಂಚ ನೂರು ವರ್ಷ ಬಾಳುವುದು ಆಶ್ಚರ್ಯವಾಗಿರಲಿಲ್ಲ. ಟ್ರ್ಯಾಕ್ಟರು ಬಂದ ಮೇಲೆ ಕೂರಿಗೆ ಗಾಲಿಗಳ ಕೆಲಸ ತಪ್ಪಿತು, ಆಯದ ಪದ್ಧತಿಯೂ ಮರೆಯಾಯಿತು. ಅದರೊಡನೆ ದುರಸ್ತಿ ಮಾಡಿಸುವ ನಮ್ಮ ರೂಢಿಯೂ ಮರೆಯಾಯಿತೆನ್ನಬೇಕು.

ಹಳೆಯ ಸಾಮಾನಿನ ಮರವೂ ಸಾಮಾನ್ಯವಾದುದಲ್ಲ. ಕಾಡಿನಲ್ಲಿ ನಿಧಾನವಾಗಿ ಬೆಳೆದ ತೇಗ, ಬೀಟೆ, ಹೊನ್ನೆ, ಮತ್ತಿಗಳ ಬಲಿತ ಚೇಗಿನಿಂದ ಅವು ಸಿದ್ಧವಾದವು. ಅಂತಹ ಮರ ಇಂದು ದುರ್ಲಭ. ಬೀಟೆಯ ವಿಷಯದಲ್ಲಂತೂ 2017ರ ಜನವರಿಯಿಂದ ಆ ಜಾತಿಯ ಸಕಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂದಿದೆ. ಇಂತಿರುವಾಗ ಮನೆಯಲ್ಲಿರುವ ಬೀಟೆಯ ಕುರ್ಚಿಯನ್ನು ಗುಜರಿಗೆ ಹಾಕಿ, ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ಕಪಾಟನ್ನು ತರುವುದು ಲಾಭದ ವ್ಯವಹಾರವೆನಿಸದು. ಆ ಹಲಗೆಗೆ ಒಮ್ಮೆ ನೀರು ತಾಗಿದರೆ ಉಬ್ಬುತ್ತದೆ, ಒಮ್ಮೆ ಸ್ಕ್ರೂ ಕಿತ್ತರೆ ಮತ್ತೆ ಹಿಡಿಯುವುದಿಲ್ಲ. ಅದನ್ನು ದುರಸ್ತಿ ಮಾಡುವ ಮಾರ್ಗವೇ ಕಡಿಮೆ. ಹಳೆಯ ಮರದ ಸಾಮಾನಿನ ದೊಡ್ಡ ಗುಣವೆಂದರೆ ಅದು ದುರಸ್ತಿಗೆ ಒಗ್ಗುತ್ತದೆ.

ನಮ್ಮ ಬಿಸಿಲು, ನಮ್ಮ ನೀರು

ಮರವು ಕಡಿದ ಮೇಲೂ ಉಸಿರಾಡುತ್ತದೆಂದು ಬಡಿಗೇರರು ಹೇಳುವುದುಂಟು. ಇದು ಕೇವಲ ಅಲಂಕಾರದ ಮಾತಲ್ಲ. ಗಾಳಿಯಲ್ಲಿ ತೇವ ಹೆಚ್ಚಿದಾಗ ಮರ ಅದನ್ನು ಹೀರಿ ಹಿಗ್ಗುತ್ತದೆ, ಗಾಳಿ ಒಣಗಿದಾಗ ಬಿಟ್ಟುಕೊಟ್ಟು ಕುಗ್ಗುತ್ತದೆ. ಈ ಹಿಗ್ಗು ಕುಗ್ಗು ಹಲಗೆಯ ಅಗಲದಲ್ಲಿ ಹೆಚ್ಚು, ಉದ್ದದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಹಳೆಯ ಬಡಿಗೇರರು ಇದನ್ನು ಚೆನ್ನಾಗಿ ಅರಿತಿದ್ದರು. ಕಪಾಟಿನ ಬಾಗಿಲನ್ನು ನೋಡಿರಿ. ಸುತ್ತಲಿನ ಚೌಕಟ್ಟಿನಲ್ಲಿ ಗಾಡಿ ತೆಗೆದು, ನಡುವಿನ ಹಲಗೆಯನ್ನು ಅಂಟಿಲ್ಲದೆ, ಮೊಳೆಯಿಲ್ಲದೆ ಅದರೊಳಗೆ ಸಡಿಲವಾಗಿ ಕೂಡಿಸಿರುತ್ತಾರೆ. ಅದು ಕೆಲಸದ ದೋಷವಲ್ಲ. ಹಲಗೆಗೆ ಹಿಗ್ಗಲು ಕುಗ್ಗಲು ಬಿಟ್ಟ ಜಾಗ. “ಹಲಗೆ ಅಲುಗುತ್ತಿದೆ” ಎಂದು ತಿಳಿದು ಯಾರಾದರೂ ಮೊಳೆ ಹೊಡೆದರೆ ಮುಂದಿನ ಬೇಸಿಗೆಯಲ್ಲಿ ಅದು ನಟ್ಟನಡುವೆ ಸೀಳುವುದು ನಿಶ್ಚಯ.

ಬಳ್ಳಾರಿಯ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವುದು ವಾಡಿಕೆ. ಅದರ ಜೊತೆಗೆ ನೀರಿನ ಕೂಲರು ಮನೆಮನೆಗೂ ಬಂದಿದೆ. ಕೂಲರಿನ ಒದ್ದೆ ಗಾಳಿ ನೇರವಾಗಿ ಕಪಾಟಿಗೆ ಬಡಿದರೆ ಬಾಗಿಲು ಉಬ್ಬಿ ಬಿಗಿಯಾಗುತ್ತದೆ. ಆಗ ಅವಸರದಲ್ಲಿ ಬಾಗಿಲಿನ ಅಂಚನ್ನು ಹೆರೆಸುತ್ತೇವೆ. ಕೂಲರು ನಿಂತು ಮರ ಒಣಗಿದೊಡನೆ ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಹೆರೆದ ಮರ ಮತ್ತೆ ಬರಲಾರದು. ಕೂಲರಿನ ಮುಖವನ್ನು ಬೇರೆಡೆಗೆ ತಿರುಗಿಸಿ, ಒಂದು ಋತು ಕಾದು ನೋಡಿದ್ದರೆ ಸಾಕಾಗುತ್ತಿತ್ತು. ಕಿಟಕಿಯ ನೇರ ಬಿಸಿಲಿಗೂ ಇದೇ ಮಾತು. ಮಧ್ಯಾಹ್ನದ ಬಿಸಿಲು ಬೀಳುವ ಜಾಗದಲ್ಲಿ ಹಳೆಯ ಮೇಜನ್ನು ಇಡಬಾರದು.

ಸಿರುಗುಪ್ಪದ ಕಡೆ ಕಷ್ಟ ಬೇರೆಯದು. 1950ರ ದಶಕದಲ್ಲಿ ತುಂಗಭದ್ರೆಯ ಕಾಲುವೆಯ ನೀರು ಬಂದಂದಿನಿಂದ ಆ ಭಾಗ ಭತ್ತದ ನಾಡಾಯಿತು. ಸುತ್ತಲೂ ನೀರು ನಿಂತ ಗದ್ದೆಗಳಿರುವ ಊರುಗಳಲ್ಲಿ ನೆಲದ ತೇವ ಗೋಡೆಗೇರುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಬೆನ್ನು ಹಲಗೆ ಕಪ್ಪಗಾಗಿ ಬೂಷ್ಟು ಹಿಡಿಯುತ್ತದೆ. ಗೋಡೆಗೂ ಸಾಮಾನಿಗೂ ನಡುವೆ ನಾಲ್ಕು ಬೆರಳು ಅಂತರವಿರಲಿ. ಕಾಲಿನ ಕೆಳಗೆ ಕಲ್ಲಿನ ಬಿಲ್ಲೆಯಿರಲಿ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಪ್ರವಾಹವನ್ನು ಸಿರುಗುಪ್ಪ ತಾಲ್ಲೂಕಿನ ನದಿತೀರದ ಹಳ್ಳಿಗಳ ಜನ ಮರೆತಿರಲಾರರು. ಅಂತಹ ಸಂದರ್ಭದಲ್ಲಿ ಜೀವ, ದನಕರು, ಕಾಳುಕಡಿಗಳೇ ಮೊದಲು, ಮಂಚ ಮೇಜುಗಳ ಚಿಂತೆ ಅನಂತರದ್ದು. ಆದರೂ ನೀರು ಇಳಿದ ಮೇಲೆ ಮಾಡಬಹುದಾದುದನ್ನು ತಿಳಿದಿರುವುದು ಲೇಸು. ನೆನೆದ ಮರ ಕೆಟ್ಟಿತೆಂದು ಕೂಡಲೇ ಎಸೆಯಬೇಕಾಗಿಲ್ಲ. ಕೆಸರು ಒಣಗುವ ಮೊದಲೇ ತಿಳಿನೀರಿನಿಂದ ತೊಳೆಯಬೇಕು. ಉಬ್ಬಿ ಸಿಕ್ಕಿಕೊಂಡ ಸೆಳೆಖಾನೆಯನ್ನು ಎಳೆದಾಡದೆ, ಹಿಂದಿನ ಹಲಗೆಯನ್ನು ಬಿಚ್ಚಿ ಗಾಳಿ ಆಡಲು ಬಿಡಬೇಕು. ಇಟ್ಟಿಗೆಗಳ ಮೇಲೆತ್ತಿ, ನೆರಳಿನಲ್ಲಿ, ವಾರಗಟ್ಟಲೆ ನಿಧಾನವಾಗಿ ಒಣಗಿಸಬೇಕು. ಬೇಗ ಒಣಗಲಿ ಎಂದು ಬಿಸಿಲಿಗಿಟ್ಟರೆ ಹೊರಮೈ ಮೊದಲು ಒಣಗಿ ಒಳಮೈ ಒದ್ದೆಯಾಗಿಯೇ ಉಳಿದು ಹಲಗೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ.

ಮೊದಲು ನೋಟ, ಅನಂತರ ಉಳಿ

ವೈದ್ಯನು ನಾಡಿ ಹಿಡಿಯದೆ ಔಷಧ ಕೊಡುವುದಿಲ್ಲ. ಹಳೆಯ ಸಾಮಾನಿನ ದುರಸ್ತಿಗೂ ಈ ಕ್ರಮ ಸಲ್ಲುತ್ತದೆ. ಮಂಚವನ್ನು ಮಗುಚಿ ಹಾಕಿ ಕೆಳಭಾಗವನ್ನು ನೋಡಬೇಕು. ಒಂದು ಮರದಲ್ಲಿ ಕೊರೆದ ತೂತಿನೊಳಗೆ ಇನ್ನೊಂದು ಮರದ ನಾಲಿಗೆಯನ್ನು ಕೂಡಿಸಿ, ಅಡ್ಡಲಾಗಿ ಬಿದಿರಿನ ಇಲ್ಲವೇ ಮರದ ಮೊಳೆ ಹೊಡೆದಿದ್ದರೆ ಅದು ಬಿಚ್ಚಿ ಕೂಡಿಸಲು ಬರುವ ಕೆಲಸ. ಕಾಲು ಅಲುಗಲು ಕಾರಣ ಬಹುಪಾಲು ಆ ಮರದ ಮೊಳೆ ಸವೆದಿರುವುದು ಅಥವಾ ಹಳೆಯ ಅಂಟು ಒಣಗಿ ಪುಡಿಯಾಗಿರುವುದು. ಅದನ್ನು ಬಿಚ್ಚಿ, ಹಳೆಯ ಅಂಟನ್ನು ಪೂರ್ತಿಯಾಗಿ ಕೆರೆದು ತೆಗೆದು, ಹೊಸ ಅಂಟು ಹಚ್ಚಿ, ಹಗ್ಗ ಬಿಗಿದು ಒಂದು ದಿನ ಬಿಟ್ಟರೆ ಮತ್ತೆ ಎರಡು ತಲೆಮಾರಿಗೆ ಚಿಂತೆಯಿಲ್ಲ. ಹಳೆಯ ಅಂಟಿನ ಮೇಲೆಯೇ ಹೊಸ ಅಂಟು ಸುರಿದರೆ ಅದು ಮರವನ್ನು ಹಿಡಿಯದೆ ಧೂಳನ್ನು ಹಿಡಿಯುತ್ತದೆ.

ಹಿಂದಿನವರು ಬಳಸುತ್ತಿದ್ದ ಸರೇಸು ಬಿಸಿನೀರಿಗೆ ಕರಗುತ್ತಿತ್ತು. ಆದುದರಿಂದ ಮುಂದಿನ ಬಡಿಗೇರನು ಮರಕ್ಕೆ ನೋವಾಗದಂತೆ ಬಿಚ್ಚಬಹುದಾಗಿತ್ತು. ಈಗಿನ ಫೆವಿಕಾಲ್ ಬಲವಾದುದೇ, ಆದರೆ ಸುಲಭವಾಗಿ ಬಿಡುವುದಿಲ್ಲ. ಆದುದರಿಂದ ಅದನ್ನು ಹಚ್ಚುವ ಮುನ್ನ ಜೋಡಣೆ ನೇರವಾಗಿ ಕೂತಿದೆಯೇ ಎಂದು ಒಮ್ಮೆ ಒಣದಾಗಿಯೇ ಕೂಡಿಸಿ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಕೆಟ್ಟ ದುರಸ್ತಿಯೆಂದರೆ ಕಬ್ಬಿಣದ ಮೊಳೆ. ಅದು ನಾಲಿಗೆಯನ್ನು ಸೀಳುತ್ತದೆ, ತುಕ್ಕು ಹಿಡಿದು ಸುತ್ತಲಿನ ಮರವನ್ನು ಕಪ್ಪಾಗಿಸುತ್ತದೆ, ಮುಂದೆ ಸರಿಪಡಿಸುವವನ ಉಳಿಯನ್ನೂ ಕೆಡಿಸುತ್ತದೆ.

ಸಣ್ಣ ತೂತು ಬಿರುಕುಗಳನ್ನು ಅದೇ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಬಹುದು. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟನ್ನು ಕೂಡಿಸಿ ಹದ ಮಾಡುವ ವಿದ್ಯೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಬಿರುಕು ದೊಡ್ಡದಾದರೆ ಹೊಟ್ಟು ಸಾಲದು, ಅದೇ ಜಾತಿಯ ಮರದ ಚೂರನ್ನು ಎಳೆಯ ಜಾಡು ಹಿಡಿದು ಕೂಡಿಸಬೇಕು. ಬೆತ್ತದ ಕುರ್ಚಿಯ ಹೆಣಿಗೆ ಜೋತುಬಿದ್ದಿದ್ದು ಎಳೆ ಹರಿಯದಿದ್ದರೆ, ಕೆಳಗಿನಿಂದ ಬಿಸಿನೀರಿನ ಬಟ್ಟೆಯಿಂದ ಒದ್ದೆ ಮಾಡಿ ನೆರಳಿನಲ್ಲಿ ಒಣಗಿಸಿದರೆ ಅದು ತಾನಾಗಿ ಬಿಗಿಯಾಗುತ್ತದೆ. ಇದು ಖರ್ಚಿಲ್ಲದ ದುರಸ್ತಿ.

ಬಣ್ಣದ ಡಬ್ಬಿ ತೆರೆಯುವ ಮುನ್ನ

ಹಳೆಯ ಸಾಮಾನುಗಳು ನಿರ್ಲಕ್ಷ್ಯದಿಂದ ಕೆಡುವಷ್ಟೇ ಅತಿಯಾದ ಪ್ರೀತಿಯಿಂದಲೂ ಕೆಡುತ್ತವೆ. ಈ ತಪ್ಪನ್ನು ಇದನ್ನು ಬರೆಯುತ್ತಿರುವವನೂ ಮಾಡಿದ್ದಾನೆ. ಮನೆಯಲ್ಲಿ ಮದುವೆ ನಿಶ್ಚಯವಾದಾಗ, ಸುಣ್ಣಬಣ್ಣದ ಭರದಲ್ಲಿ, ಅಜ್ಜನ ಕಾಲದ ತೇಗದ ಮಂಚಕ್ಕೂ ಕಂದು ಎನಾಮೆಲ್ ಬಳಿಸಿದೆ. ಬೀಗರು ನೋಡುವಾಗ ಥಳಥಳಿಸಿತು, ನಿಜ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಣ್ಣ ಪೊರೆಯೆದ್ದಿತು. ತಲೆಯ ಕಡೆಯ ಹಲಗೆಯಲ್ಲಿದ್ದ ನಂದಿಯ ಕೆತ್ತನೆಯಲ್ಲಿ ಬಣ್ಣ ತುಂಬಿ ನಂದಿಯ ಕಣ್ಣೇ ಮುಚ್ಚಿಹೋಗಿತ್ತು. ಅದನ್ನು ಬಿಡಿಸಲು ಕುರುಗೋಡಿನ ಹಿರಿಯ ಬಡಿಗೇರರೊಬ್ಬರಿಗೆ ಹನ್ನೊಂದು ದಿನ ಹಿಡಿಯಿತು. “ತಮ್ಮಾ, ಬಳಿಯಾಕ ಒಂದು ತಾಸು, ತಗಿಯಾಕ ಹನ್ನೊಂದು ದಿನ. ಮರ ನಿನಗೇನು ಅನ್ಯಾಯ ಮಾಡಿತ್ತಪ್ಪಾ?” ಎಂದು ಅವರು ನಗುತ್ತಲೇ ಕೇಳಿದರು. ತಲೆ ತಗ್ಗಿಸುವುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಅವರಿಂದ ಕಲಿತ ಮೊದಲ ಪಾಠ, ಮೇಲಿರುವ ಪಾಲಿಶ್ ಯಾವುದೆಂದು ಮೊದಲು ತಿಳಿಯಬೇಕೆಂಬುದು. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಬೇಕು. ಮೇಲ್ಮೈ ಮೆತ್ತಗಾಗಿ ಅಂಟಂಟಾದರೆ ಅದು ಅರಗಿನ ಪಾಲಿಶ್. ಹಾಗಿದ್ದರೆ ಹೆದರಿಕೆಯಿಲ್ಲ. ಅರಗಿನ ಹೊಸ ಲೇಪ ಹಳೆಯ ಲೇಪವನ್ನು ತುಸು ಕರಗಿಸಿಕೊಂಡು ಅದರೊಡನೆ ಒಂದಾಗುತ್ತದೆ. ಆದುದರಿಂದ ಹಳೆಯದನ್ನೆಲ್ಲ ಉಜ್ಜಿ ತೆಗೆಯುವ ಅಗತ್ಯವಿಲ್ಲ. ಒಂದು ಲೀಟರ್ ಸ್ಪಿರಿಟ್‌ಗೆ 150ರಿಂದ 200 ಗ್ರಾಂ ಅರಗಿನ ಚೂರು ಹಾಕಿ ರಾತ್ರಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಹತ್ತಿಯ ಉಂಡೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ತೆಳುವಾಗಿ ಹಲವು ಬಾರಿ ಹಚ್ಚಬೇಕು. ಮಳೆಗಾಲದ ತೇವದಲ್ಲಿ ಹಚ್ಚಿದರೆ ಬೆಳ್ಳಗೆ ಮಂಕಾಗುವುದರಿಂದ ಒಣ ಹವೆಯ ದಿನವನ್ನು ಆರಿಸಬೇಕು. ಸ್ಪಿರಿಟ್ ವಿಷವೂ ಹೌದು, ಬೆಂಕಿಗೆ ಬೇಗ ಒಲಿಯುವುದೂ ಹೌದು. ದೇವರ ದೀಪವಾಗಲಿ ಒಲೆಯಾಗಲಿ ಹತ್ತಿರ ಇರಬಾರದು, ಮಕ್ಕಳ ಕೈಗೆ ಸಿಗಬಾರದು.

ಪಾಲಿಶ್ ಇಲ್ಲದ ಒರಟು ಸಾಮಾನಿಗೆ ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ ಒರೆಸಬಹುದು. ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಯಲ್ಲಿ ಎಸೆದರೆ ಅದು ತನ್ನಷ್ಟಕ್ಕೆ ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ನೀರಿನಲ್ಲಿ ಮುಳುಗಿಸಬೇಕು, ಇಲ್ಲವೇ ಹೊರಗೆ ಬಿಡಿಸಿ ಹರವಿ ಪೂರ್ತಿ ಒಣಗಿಸಬೇಕು. ಅಡುಗೆಯ ಶೇಂಗಾ ಎಣ್ಣೆಯನ್ನು ಹಚ್ಚುವ ರೂಢಿ ಕೆಲವೆಡೆ ಇದೆ. ಅದು ಒಣಗದೆ ಜಿಡ್ಡಾಗಿ ಧೂಳನ್ನು ಹಿಡಿಯುವುದರಿಂದ ಅದನ್ನು ಬಿಡುವುದೇ ಒಳ್ಳೆಯದು.

ತೊಟ್ಟಿಲಿನ ವಿಷಯದಲ್ಲಿ ತಾಯಂದಿರು ವಿಶೇಷ ಗಮನವಿಡಬೇಕು. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಳಿದ ಬಣ್ಣದ ತೊಟ್ಟಿಲನ್ನು ಒಣದಾಗಿ ಉಜ್ಜಿದರೆ ಆ ಧೂಳು ಮನೆಯವರೆಲ್ಲರ ಉಸಿರಿಗೆ ಸೇರುತ್ತದೆ. ಕಾಯಿಸಿ ಕೆರೆದರೂ ಅಪಾಯವೇ. ಬಲ್ಲವರಿಂದ ಬಯಲಿನಲ್ಲಿ, ಒದ್ದೆ ಮಾಡಿ, ಮೂಗು ಬಾಯಿ ಮುಚ್ಚಿಕೊಂಡು ಈ ಕೆಲಸ ಮಾಡಿಸಬೇಕು. ಮಕ್ಕಳೂ ಗರ್ಭಿಣಿಯರೂ ಅತ್ತ ಸುಳಿಯಬಾರದು. ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ನೀರಿನಲ್ಲಿ ಮರವನ್ನು ಮುಳುಗಿಸುವವರೂ ಇದ್ದಾರೆ. ಅದರಿಂದ ತೇಗ ಕಪ್ಪಗಾಗುತ್ತದೆ, ಅಂಟೂ ಸಡಿಲುತ್ತದೆ.

ಹುಳುಗಳ ಕಾಟ

ಗೆದ್ದಲು ಮತ್ತು ಕುಟ್ಟೆಹುಳು ಎರಡನ್ನೂ ಒಂದೇ ಎಂದು ತಿಳಿದು ಅನೇಕರು ತಪ್ಪು ಮದ್ದು ಮಾಡುತ್ತಾರೆ. ಮರದ ಮೇಲೆ ಮಣ್ಣಿನ ಗೆರೆ ಕಂಡರೆ ಅದು ಗೆದ್ದಲು. ಅದರ ಗೂಡು ಮಂಚದಲ್ಲಿರುವುದಿಲ್ಲ, ನೆಲದಲ್ಲಿಯೋ ಗೋಡೆಯಲ್ಲಿಯೋ ಇರುತ್ತದೆ. ಮಂಚಕ್ಕೆ ಮಾತ್ರ ಮದ್ದು ಹಾಕಿದರೆ ಫಲವಿಲ್ಲ, ಮನೆಯ ನೆಲಗೋಡೆಗಳಿಗೇ ಉಪಚಾರವಾಗಬೇಕು. ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಇದರ ಎಚ್ಚರ ಸದಾ ಇರಬೇಕು. ಸೂಜಿಮೊನೆಯಂತಹ ತೂತುಗಳಿಂದ ಹಿಟ್ಟಿನಂತಹ ಪುಡಿ ಉದುರಿದರೆ ಅದು ಕುಟ್ಟೆಹುಳು. ಅದು ಬಹುಮಟ್ಟಿಗೆ ಮರದ ಹೊರಗಿನ ಬಿಳಿಯ ಭಾಗವನ್ನು ತಿನ್ನುತ್ತದೆ. ತೇಗದ ಚೇಗಿಗೆ ಸಾಮಾನ್ಯವಾಗಿ ಬಾಯಿ ಹಾಕದು. ಪುಡಿಯನ್ನು ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ನೋಡಿರಿ. ಮತ್ತೆ ಪುಡಿ ಬಿದ್ದರೆ ಹುಳು ಜೀವಂತವಾಗಿದೆ, ಬೀಳದಿದ್ದರೆ ಅದು ಹಳೆಯ ಕಥೆ. ಜೀವಂತವಿದ್ದರೆ ಆ ಸಾಮಾನನ್ನು ಉಳಿದವುಗಳಿಂದ ದೂರವಿರಿಸಿ ಬಲ್ಲವರಿಂದ ಮದ್ದು ಹಾಕಿಸಬೇಕು. ಸೀಮೆಎಣ್ಣೆ ಸವರಿದರೆ ವಾಸನೆಯೂ ಬೆಂಕಿಯ ಭಯವೂ ಉಳಿಯುತ್ತವೆ. ಒಳಗಿನ ಮರಿಹುಳು ಮಾತ್ರ ಬಹುತೇಕ ಬದುಕಿಕೊಳ್ಳುತ್ತದೆ.

ವರ್ಷಕ್ಕೆರಡು ದಿನದ ಸೇವೆ

ನಿತ್ಯದ ಜೋಪಾನಕ್ಕೆ ದೊಡ್ಡ ಶ್ರಮ ಬೇಡ. ಬಳ್ಳಾರಿಯ ಕೆಂಪು ಧೂಳು ಕೆತ್ತನೆಯ ಸಂದುಗಳಲ್ಲಿ ಕೂರದಂತೆ ಒಣ ಅರಿವೆಯಿಂದಲೂ ಮೆತ್ತನೆಯ ಬ್ರಷ್ಷಿನಿಂದಲೂ ಒರೆಸಿದರೆ ಸಾಕು. ಪೂಜೆಯ ಮಣೆ, ದೇವರ ಮಾಡಗಳಲ್ಲಿ ವಿಭೂತಿಯ ಪುಡಿ, ದೀಪದ ಎಣ್ಣೆ, ಮಸಿ ಸೇರುತ್ತವೆ. ನೀರು ಸುರಿದು ತೊಳೆಯದೆ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಒಡನೆ ಒಣ ಬಟ್ಟೆ ಆಡಿಸಬೇಕು. ಹಿತ್ತಾಳೆಯ ಕಡಗ, ಕೊಂಡಿಗಳನ್ನು ಹುಣಸೆಹಣ್ಣಿನಿಂದ ಬೆಳಗುವುದಾದರೆ ಬಿಚ್ಚಿ ಬೆಳಗಬೇಕು, ಹುಳಿ ಮರಕ್ಕೆ ಕಲೆ ಮಾಡುತ್ತದೆ. ಯುಗಾದಿಗೆ ಮುನ್ನ ಒಮ್ಮೆ, ದಸರೆ ದೀಪಾವಳಿಗಳ ಸುಮಾರಿಗೆ ಒಮ್ಮೆ ಎಲ್ಲ ಸಾಮಾನನ್ನೂ ಗೋಡೆಯಿಂದ ಸರಿಸಿ, ಮಗುಚಿ, ಕಾಲು ಬೆನ್ನುಗಳನ್ನು ಪರೀಕ್ಷಿಸುವ ಪದ್ಧತಿಯನ್ನು ಮನೆಯಲ್ಲಿ ಹಾಕಿಕೊಳ್ಳಬೇಕು. ಸರಿಸುವಾಗ ಎಳೆಯಬಾರದು, ಇಬ್ಬರು ಹಿಡಿದು ಎತ್ತಬೇಕು. ಈ ಕೆಲಸಕ್ಕೆ ಮಕ್ಕಳನ್ನೂ ಸೇರಿಸಿಕೊಂಡರೆ ಅಜ್ಜ ಅಜ್ಜಿಯರ ಮಾತು ತಾನಾಗಿ ಬರುತ್ತದೆ.

ಮರವನ್ನು ಜೋಪಾನ ಮಾಡುವ ದೊಡ್ಡ ಪಾಠ ನಮಗೆ ತೇರುಗಳಿಂದ ದೊರೆಯುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನು ಕಲ್ಲಿನ ಮೂರ್ತಿ. ಆದರೆ ರಥೋತ್ಸವದಲ್ಲಿ ಸಾವಿರಾರು ಭಕ್ತರು ಎಳೆಯುವ ತೇರು ಮರದ್ದು. ವರ್ಷಕ್ಕೊಮ್ಮೆ ಎಳೆಯುವ ತೇರಿಗೆ ವರ್ಷವಿಡೀ ನೆರಳು ಬೇಕು, ಎಳೆಯುವ ಮುನ್ನ ಅಚ್ಚು ಗಾಲಿಗಳ ಪರೀಕ್ಷೆ ಬೇಕು. 2017ರ ಫೆಬ್ರವರಿಯಲ್ಲಿ, ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೊಟ್ಟೂರಿನಲ್ಲಿ, ಗುರು ಕೊಟ್ಟೂರೇಶ್ವರ ಸ್ವಾಮಿಯ ತೇರು ಉರುಳಿ ಹಲವರು ಗಾಯಗೊಂಡುದನ್ನು ಭಕ್ತರು ಇಂದಿಗೂ ನೋವಿನಿಂದ ನೆನೆಯುತ್ತಾರೆ. ಮರ ಎಷ್ಟೇ ಗಟ್ಟಿಯಾಗಿದ್ದರೂ ಕಾಲಕಾಲಕ್ಕೆ ಕಣ್ಣಿಟ್ಟು ನೋಡಬೇಕೆಂಬ ಮಾತು ತೇರಿಗೂ ಸಲ್ಲುತ್ತದೆ, ಮನೆಯ ತೊಟ್ಟಿಲಿಗೂ ಸಲ್ಲುತ್ತದೆ.

ಎಲ್ಲವನ್ನೂ ಉಳಿಸಬೇಕೆ?

ಎಲ್ಲವನ್ನೂ ಉಳಿಸಿಕೊಳ್ಳುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಎರಡು ಕೋಣೆಯ ಮನೆಯಲ್ಲಿ ನಾಲ್ಕು ಮಂಚಗಳನ್ನು ತುಂಬಿಕೊಂಡರೆ ಬಾಳುವವರಿಗೆ ತಾವೆಲ್ಲಿ? ಚೇಗು ಗಟ್ಟಿಯಿದೆಯೇ, ಜೋಡಣೆ ಒಳ್ಳೆಯದೇ, ನಿತ್ಯದ ಬಳಕೆಗೆ ಬರುತ್ತದೆಯೇ ಎಂಬ ಮೂರು ಮಾತುಗಳನ್ನು ನೋಡಿ ಉಳಿಸಬೇಕು. ಬಳಕೆ ಮುಖ್ಯ. ಬೀಗ ಹಾಕಿದ ಕೋಣೆಯಲ್ಲಿ ಗಾಳಿ ಬೆಳಕಿಲ್ಲದೆ ಇಟ್ಟ ಸಾಮಾನು ಬೇಗ ಕೆಡುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ಮನೆಯ ಕಾಗದಪತ್ರಗಳನ್ನಿಡಬಹುದು, ಅಡ್ಡಣಿಗೆಯನ್ನು ಮೊಮ್ಮಕ್ಕಳ ಓದಿನ ಮೇಜಾಗಿಸಬಹುದು. ತಮ್ಮಲ್ಲಿ ಸ್ಥಳವಿಲ್ಲದವರು ಗುಜರಿಗೆ ಹಾಕುವ ಮುನ್ನ ಬಂಧುಗಳನ್ನು ಕೇಳಲಿ, ವಿದ್ಯಾರ್ಥಿನಿಲಯ, ಮಠಗಳಿಗೆ ದಾಸೋಹವಾಗಿ ಕೊಡಲಿ. ಒಬ್ಬ ವ್ಯಕ್ತಿಯ ಕಾಳಜಿಯಿಂದ ಎಷ್ಟಾಗಬಹುದೆಂಬುದಕ್ಕೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವೇ ನಿದರ್ಶನ. ಬ್ಯಾಂಕಿನ ಉದ್ಯೋಗದಲ್ಲಿದ್ದ ವಿಜಯನಾಥ ಶೆಣೈಯವರು ಕೆಡವಲಾಗುತ್ತಿದ್ದ ಹಳೆಯ ಮನೆಗಳನ್ನು ಕಂಬ ತೊಲೆಗಳ ಸಹಿತ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ನಮ್ಮ ಸಮೀಪದ ಕುಕನೂರಿನ ಕಮಲ ಮಹಲೂ ಅವುಗಳಲ್ಲೊಂದು. ಮನೆಯನ್ನೇ ಉಳಿಸಿದವರಿರುವಾಗ ಮಂಚವೊಂದನ್ನು ಉಳಿಸುವುದು ನಮಗೆ ಭಾರವೆ?

ಇನ್ನೊಂದು ಮಾತು. ದುರಸ್ತಿಯ ಕೂಲಿಯಲ್ಲಿ ಚೌಕಾಸಿ ಬೇಡ. ಹೊಸ ಪ್ಲೈವುಡ್ ಕಪಾಟಿಗೆ ಕೇಳಿದಷ್ಟು ಕೊಡುವ ನಾವು, ಹಳೆಯ ಮಂಚಕ್ಕೆ ವಾರಗಟ್ಟಲೆ ದುಡಿಯುವ ಬಡಿಗೇರರೊಡನೆ ಮಾತ್ರ ನೂರಿನ್ನೂರು ರೂಪಾಯಿಗೆ ವಾದಿಸುತ್ತೇವೆ. ಅವರ ಮಕ್ಕಳು ಈ ವಿದ್ಯೆಯನ್ನು ಬಿಟ್ಟುಹೋದರೆ ನಾಳೆ ನಮ್ಮ ಮನೆಯ ಮರಕ್ಕೆ ಉಳಿ ಹಿಡಿಯುವವರಾರು? ಕಾಯಕವನ್ನು ಕೊಂಡಾಡುವ ಸಮಾಜವು ಕಾಯಕದವರನ್ನು ಗೌರವಿಸದಿದ್ದರೆ ಆ ಮಾತಿಗೆ ಅರ್ಥವುಳಿಯದು.

ನಮ್ಮ ಮಂಚದ ಬಣ್ಣವನ್ನು ಬಿಡಿಸಿದ ಹನ್ನೊಂದನೆಯ ದಿನ ಆ ಹಿರಿಯ ಬಡಿಗೇರರು ನನ್ನನ್ನು ಕರೆದು, ಪಕ್ಕದ ಪಟ್ಟಿಯ ಕೆಳಗೆ ಕೈಯಿಟ್ಟು ನೋಡು ಎಂದರು. ಬೆರಳಿಗೆ ಮೂರು ಸಣ್ಣ ಗೆರೆಗಳು ತಾಗಿದವು. ಎದುರಿನ ಕಾಲಿನ ಮೇಲೂ ಅವೇ ಮೂರು ಗೆರೆಗಳಿದ್ದವು. ಯಾವ ಕಾಲು ಯಾವ ಪಟ್ಟಿಗೆ ಎಂಬ ಗುರುತನ್ನು ಮಂಚ ಮಾಡಿದವನು ಉಳಿಯಿಂದ ಕೊರೆದಿದ್ದ. ಮುಂದೆ ಎಂದೋ ಯಾರೋ ಬಿಚ್ಚಿ ಕೂಡಿಸುವಾಗ ತಪ್ಪದಿರಲಿ ಎಂದು. ಅವನ ಹೆಸರು ಅಲ್ಲಿರಲಿಲ್ಲ, ಮನೆಯ ಯಾರಿಗೂ ಅದು ನೆನಪಿರಲಿಲ್ಲ. ತನ್ನ ಹೆಸರನ್ನು ಬಿಟ್ಟು ಮುಂದಿನವರ ಅನುಕೂಲವನ್ನು ಮಾತ್ರ ಬರೆದಿಟ್ಟ ಆ ಕೈಗೆ ನಾವು ಸಲ್ಲಿಸಬಹುದಾದ ಶರಣಾರ್ಥಿಯೆಂದರೆ, ಆ ಗುರುತಿನಂತೆ ಬಿಚ್ಚಿ, ಆ ಗುರುತಿನಂತೆ ಕೂಡಿಸಿ, ನಮ್ಮ ಮಕ್ಕಳ ಕೈಗೆ ಗಟ್ಟಿಯಾಗಿ ಒಪ್ಪಿಸುವುದು.